ಹಿಂದಿರುಗುವವರ ನಿಯಮ

"ಅಮ್ಮಾ, ನಾಲ್ಕು ಜನ ಸತ್ತಿದ್ದು ನನ್ನ ತಪ್ಪಿಂದ ಅಂತ ಬರೆದುಕೊಡಬೇಕಂತೆ. ನಾಳೆ ಹತ್ತು ಗಂಟೆಗೆ ಸಹಿ, ಆಮೇಲೆ ಕೆಲಸ ಬಿಟ್ಟು ಮನೆಗೆ."

ಬಾಗಿಲಲ್ಲಿ ನಿಂತಿದ್ದವಳು ಸಂಶೋಧನಾಲಯದ ಸಮೀಕ್ಷೆಯವಳು. ನಮ್ಮತ್ತೆ ಅಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಅಲ್ಲಿ ಏನು ಎಡವಟ್ಟಾದರೂ ಜನ ಬರುವುದು ನಮ್ಮ ಮನೆಗೇ. ಕುರ್ಚಿ ಎಳೆದುಕೊಡುವುದು, ಅತ್ತೆಯಿಂದ ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸವಾಗಿತ್ತು.

ಬಟ್ಟೆ ಗಿರಣಿಯೊಂದಕ್ಕೆ ಬೆಂಕಿ ಬಿದ್ದರೆ ಜನ ಹೇಗೆ ಹೊರಬರುತ್ತಾರೆಂದು ಇವರು ಕಂಪ್ಯೂಟರಿನಲ್ಲಿ ನೋಡಿದ್ದರು. ಪರದೆಯ ಮೇಲೆ ನಾನೂರು ಚುಕ್ಕೆ. ಒಂದೊಂದೂ ಒಬ್ಬ ಕೆಲಸಗಾರ, ಒಂದೊಂದಕ್ಕೂ ಅದರದೇ ವಯಸ್ಸು, ನಡಿಗೆ, ನಿಯಮ. ಎಲ್ಲವೂ ಆರು ನಿಮಿಷದಲ್ಲಿ ಹೊರಬಂದವು. ಆ ವರದಿ ನಂಬಿ ಗಿರಣಿಯವರು ಹಿಂದಿನ ಮೆಟ್ಟಿಲು ಮುಚ್ಚಿಸಿದರು. ಕಳೆದ ತಿಂಗಳು ನಿಜವಾಗಿಯೂ ಬೆಂಕಿ ಬಿತ್ತು. ನಾಲ್ವರು ತಾಯಂದಿರು ಉಳಿದಿದ್ದ ಒಂದೇ ಮೆಟ್ಟಿಲಿನಲ್ಲಿ, ಮೇಲಕ್ಕೆ ಮುಖಮಾಡಿ ಸತ್ತುಬಿದ್ದಿದ್ದರು. ಮೇಲಿನ ಶಿಶುಗೃಹದ ಮಕ್ಕಳನ್ನು ಯಾರೋ ಆಗಲೇ ಇಳಿಸಿದ್ದರು. ಪಾಪ, ಅದು ಅವರಿಗೆ ಗೊತ್ತಿರಲಿಲ್ಲ.

"ಮಗೂನ ಹುಡುಕ್ಕೊಂಡು ವಾಪಸ್ ಹೋಗ್ತೀವಿ ಅಂತ ಸಮೀಕ್ಷೆಗೆ ಹೋದಾಗ ಆ ತಾಯಂದಿರೇ ನನಗೆ ಹೇಳಿದ್ರು," ಎಂದಳು. "ಆ ನಿಯಮ ಬರೆದಿದ್ವಿ. ಕೊನೇ ವರದಿಗೆ ಮುಂಚೆ ಯಾರೋ ತೆಗೆದಿದಾರೆ. ನನ್ನ ಕಂಪ್ಯೂಟರಿಂದ, ನನ್ನ ಹೆಸರಲ್ಲೇ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಚೀಟೀಲಿ ಬರೆದು ಪರದೆಗೇ ಅಂಟಿಸಿದೀನಿ."

"ಭೇಷ್," ಎಂದರು ಅತ್ತೆ.

ಬೆಳಿಗ್ಗೆ ಎಂಟಕ್ಕೇ ಮೂವರೂ ಸಂಶೋಧನಾಲಯಕ್ಕೆ ಹೋದೆವು. ಕಂಪ್ಯೂಟರ್ ಕೋಡು ಬರೆಯುವವನೊಬ್ಬನೇ ಇದ್ದ.

"ಚುಕ್ಕೆಗಳ ಓಟ ಶುರುಮಾಡೋಕೆ ಯಾವುದಾದ್ರೂ ಒಂದು ಸಂಖ್ಯೆ ಕೊಡಬೇಕು, ಮೇಡಂ. ಸಂಖ್ಯೆ ಬದಲಾದ್ರೆ ಚುಕ್ಕೆಗಳ ದಾರೀನೂ ಬದಲಾಗುತ್ತೆ. ಅದೇ ಸಂಖ್ಯೆ, ಅವೇ ನಿಯಮ ಅಂದ್ರೆ ಅದೇ ಓಟ. ಒಂದು ಹೆಜ್ಜೆನೂ ಬದಲಾಗಲ್ಲ."

"ನಿನ್ನ ಸಂಖ್ಯೆ?"

"ಇಲ್ಲಿ ಓಡಿಸೋರು ಮೂರೇ ಜನ. ನನ್ನದು ಒಂದು, ಸೋಮಾರಿ ನಾನು. ಇವಳದು ಮನೆ ನಂಬರು, ನಲವತ್ತೆಂಟು. ನಮ್ಮ ಮುಖ್ಯಸ್ಥರು ಮೇಷ್ಟ್ರಲ್ಲ, ಅವರದು ಯಾವತ್ತೂ ಇಪ್ಪತ್ತಮೂರು. ಯಾಕೆ ಅಂತ ಕೇಳೋ ಧೈರ್ಯ ಯಾರಿಗೂ ಇಲ್ಲ."

"ವರದಿಯ ಓಟದ್ದು?"

"ಅದನ್ನ ಅಳಿಸಿದಾರೆ."

ವರದಿಯ ಮುಖಪುಟದಲ್ಲಿ ಮೂರನೇ ನಿಮಿಷದ ಚುಕ್ಕೆಗಳ ಚಿತ್ರವಿತ್ತು. ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವನಿಂದ ಮೂರು ಹಾಳೆ ಮುದ್ರಿಸಿಕೊಂಡರು. ಏನೆಂದು ಕೇಳಿದ್ದಕ್ಕೆ, "ಸುಮ್ನೆ ಇರು," ಎಂದರು.

ಹತ್ತಕ್ಕೆ ಮೇಷ್ಟ್ರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಮೇಜಿನ ಮೇಲೆ ತಪ್ಪೊಪ್ಪಿಗೆ ಪತ್ರ ಸಿದ್ಧವಾಗಿತ್ತು.

"ಆ ನಿಯಮ ತೆಗೆದು, ಮೂರೂ ಜನರ ಸಂಖ್ಯೆ ಕೊಟ್ಟು ಓಡಿಸಿದ್ವಿ," ಎನ್ನುತ್ತ ಅತ್ತೆ ಮುಖಪುಟವನ್ನು ಕಿಟಕಿಯ ಗಾಜಿಗೆ ಹಿಡಿದರು. ಅದರ ಮೇಲೆ ಒಂದರ ಹಾಳೆ ಇಟ್ಟರು; ಚುಕ್ಕೆಗಳು ಹೊಂದಲಿಲ್ಲ. ನಲವತ್ತೆಂಟರದೂ ಅಷ್ಟೆ. ಇಪ್ಪತ್ತಮೂರರ ಹಾಳೆ ಇಟ್ಟಾಗ ನಾನೂರೂ ಒಂದರ ಮೇಲೊಂದು ಕೂತವು.

"ಆ ಸಂಖ್ಯೆ ಬೇರೆಯವರೂ ಹಾಕಬಹುದಲ್ಲ, ಮೇಡಂ," ಎಂದರು ಮೇಷ್ಟ್ರು.

"ನಿಮ್ಮನ್ನ ಸಿಕ್ಕಿಸೋರು ಇವಳ ಹೆಸರಲ್ಲಿ ಯಾಕೆ ಮಾಡ್ತಾರೆ? ಸಂಖ್ಯೆನ ಯಾಕೆ ಅಳಿಸ್ತಾರೆ? ಹೆಸರು ಬೇರೆಯವರದ್ದು ಹಾಕಿದ್ರಿ. ಸಂಖ್ಯೆ ಮಾತ್ರ ಅಭ್ಯಾಸಬಲ, ಕೈ ತಾನಾಗೇ ಬರೀತು. ಆಮೇಲೆ ನೆನಪಾಗಿ ಅಳಿಸಿದ್ರಿ. ಚಿತ್ರ ಮರೆತ್ರಿ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪ್ರವಾಹ ಬಂದಾಗ ನನಗೆ ಹನ್ನೆರಡು. ತಮ್ಮನ ಕೈ ಬಿಟ್ಟು ಓಡಿದೆ. ವಾಪಸ್ ಹೋಗಲಿಲ್ಲ. ಇಪ್ಪತ್ತಮೂರು ಶಾಲೇಲಿ ಅವನ ಹಾಜರಿ ನಂಬರು. ಆ ಚುಕ್ಕೆಗಳು ದಿನಾ ಬೆಂಕಿಯೊಳಗೆ ವಾಪಸ್ ಹೋಗೋದನ್ನ ನನ್ನಿಂದ ನೋಡಕ್ಕಾಗಲಿಲ್ಲ. ಜನ ಹಾಗೆ ಮಾಡಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ."

"ಈಗ ಇವಳನ್ನೂ ಬಿಟ್ಟು ಓಡ್ತಿದ್ರಿ," ಎಂದರು ಅತ್ತೆ, ದನಿ ಏರಿಸದೆ.

ಮೇಷ್ಟ್ರು ಪತ್ರದಲ್ಲಿ ಸಮೀಕ್ಷೆಯವಳ ಹೆಸರು ಹೊಡೆದುಹಾಕಿ ತಮ್ಮದನ್ನು ಬರೆದರು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವಳಿಗೂ ಆದಂತೆ ಕಾಣಲಿಲ್ಲ. ಕಣ್ಣೊರೆಸಿಕೊಂಡು, ಕೋಡಿನವನಿಗೆ ನಿಯಮ ಮತ್ತೆ ಸೇರಿಸಿ ಒಂದು ಸಲ ಓಡಿಸಲು ಹೇಳಿದಳು.

ಆರನೇ ನಿಮಿಷಕ್ಕೆ ಮೆಟ್ಟಿಲಿನ ಮೇಲೆ ಇನ್ನೂ ಒಂಬತ್ತು ಚುಕ್ಕೆಗಳಿದ್ದವು. ಒಂಬತ್ತೂ ಮೇಲಕ್ಕೇ ಹೋಗುತ್ತಿದ್ದವು. ಮೇಷ್ಟ್ರು ಎದ್ದು ಬಂದು, ಕೊನೆಯ ಚುಕ್ಕೆ ನಿಲ್ಲುವವರೆಗೂ ಪರದೆಯ ಮುಂದೆ ನಿಂತು ನೋಡಿದರು.