ಚಂದ್ರಗಿರಿಯ ತೆಂಕಣ ದಡ

೧೯೯೮ನೆಯ ಇಸವಿ ಜನವರಿ ೨೧, ಬುಧವಾರ. ಮಧ್ಯಾಹ್ನ ಒಂದೂವರೆ ಗಂಟೆಗೆ ಬೇಕಲ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಹೊನ್ನಯ್ಯನವರು ಬುತ್ತಿಯ ಮುಚ್ಚಳ ತೆರೆಯುವಷ್ಟರಲ್ಲಿ ವಯಸ್ಸಾದ ದಂಪತಿಗಳಿಬ್ಬರು ಮೆಟ್ಟಿಲೇರಿ ಬಂದರು. ಗಂಡನ ತಲೆಯ ಮೇಲೆ ಹುಲ್ಲಿನ ಟೊಪ್ಪಿ, ಹೆಂಡತಿಯ ಕಣ್ಣಿನಲ್ಲಿ ನೀರು.

ಅವರು ಮುಂಬಯಿಯ ಆಂಬ್ರೋಸ್ ಮತ್ತು ಪೆಟ್ರೋನಿಲ್ಲಾ. ಮದುವೆಯ ನಲ್ವತ್ತನೆಯ ವರ್ಷದ ನೆನಪಿಗೆಂದು ಪ್ರವಾಸಿ ಹಡಗು ಹತ್ತಿ, ಲಕ್ಷದ್ವೀಪದ ದ್ವೀಪಗಳನ್ನೆಲ್ಲ ಸುತ್ತಿ, ಆ ದಿನ ಬೆಳಿಗ್ಗೆ ಪಣಂಬೂರು ಬಂದರಿನಲ್ಲಿ ಇಳಿದಿದ್ದರು. ದಡದ ಮೇಲೆ ಕಳೆಯಲು ಸಿಕ್ಕಿದ್ದು ಒಂದೇ ದಿನ. ಬಾಡಿಗೆ ಕಾರಿನಲ್ಲಿ ಉಪ್ಪಳ, ಮಧೂರು ನೋಡಿಕೊಂಡು ಬೇಕಲದ ಕೋಟೆಗೆ ಬಂದಲ್ಲಿ ಕ್ಯಾಮರಾ ಕಳವಾಗಿತ್ತು. ರಾತ್ರಿ ಒಂಬತ್ತಕ್ಕೆ ಹಡಗು ಹೊರಡುವುದು.

"ಕ್ಯಾಮರಾ ಹೋಗಲಿ ಸರ್, ಅದರೊಳಗಿನ ಫಿಲ್ಮು ಬೇಕು," ಎಂದರು ಪೆಟ್ರೋನಿಲ್ಲಾ. "ಉಪ್ಪಳದಲ್ಲಿ ನನ್ನ ಅಕ್ಕ ಸೆಲಿನ್ ಇದ್ದಾಳೆ. ಸಣ್ಣದಿರುವಾಗ ಮುಖಕ್ಕೆ ಸಿಡುಬಾದದ್ದು. ಅಂದಿನಿಂದ ಒಂದು ಫೋಟೋಕ್ಕೂ ನಿಂತವಳಲ್ಲ. ಇವತ್ತು ಅವಳಾಗಿಯೇ ಕುರ್ಚಿ ಹಾಕಿಕೊಂಡು ಕೂತಳು. ಇನ್ನೊಮ್ಮೆ ಬರುವಾಗ ಅವಳು ಇರ್ತಾಳೋ, ನಾನು ಇರ್ತೇನೋ!"

ಹೊನ್ನಯ್ಯನವರು ಬುತ್ತಿಯನ್ನು ಮುಚ್ಚಿಟ್ಟು ಎಫ್.ಐ.ಆರ್. ಬರೆಯತೊಡಗಿದರು. ಕೋಟೆಯಲ್ಲಿ ಅಂದು ಮೂರು ಶಾಲೆಗಳ ಪ್ರವಾಸದ ಬಸ್ಸುಗಳಿದ್ದವು. ಇದು ಯಾವುದೋ ತುಂಟ ಹುಡುಗನ ಕೈಚಳಕವೆಂದೇ ಅವರ ಎಣಿಕೆ. ಇನ್ಸ್‌ಪೆಕ್ಟರ್ ಶಿವಸುಬ್ರಹ್ಮಣ್ಯ ಮಾತ್ರ ಬಸ್ಸುಗಳ ವಿಚಾರವನ್ನೇ ಎತ್ತಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

"ಕ್ಯಾಮರಾ ಎಲ್ಲಿಟ್ಟಿದ್ದಿರಿ?"

"ಕಲ್ಲಿನ ಬೆಂಚಿನ ಮೇಲೆ, ಚೀಲದ ಒಳಗೆ. ನಾವು ಬುರುಜು ಹತ್ತಿ ಇಳಿಯುವಾಗ ಚೀಲ ಉಂಟು, ಕ್ಯಾಮರಾ ಇಲ್ಲ. ಇವರಿಗೆ ಹೋದಲ್ಲಿ ಎಲ್ಲ ಬಿಟ್ಟು ಬರುವ ಅಭ್ಯಾಸ ಸರ್. ನನ್ನನ್ನೂ ಬಿಟ್ಟು ಬರ್ತಿದ್ದರು. ನಾನು ಮಾತಾಡ್ತಾ ಇರ್ತೇನೆ ಅಂತ ನೆನಪಾಗ್ತದೆ, ಅಷ್ಟೆ."

"ಚೀಲದಲ್ಲಿ ಬೇರೆ ಎಂತ ಇತ್ತು?"

"ಪರ್ಸು. ನನ್ನ ಚಿನ್ನದ ಸರ. ಎರಡೂ ಉಂಟು."

ಇನ್ಸ್‌ಪೆಕ್ಟರು ಹೆಡ್ ಕಾನ್‌ಸ್ಟೆಬಲರ ಕಡೆ ನೋಡಿದರು. "ಚಿನ್ನ ಬಿಟ್ಟು ಹೋದವನಿಗೆ ಕ್ಯಾಮರಾದ ಆಸೆ ಇರಲಿಕ್ಕಿಲ್ಲ, ಹೊನ್ನಯ್ಯ. ಅವನಿಗೂ ಫಿಲ್ಮೇ ಬೇಕಾದ್ದು." ಮತ್ತೆ ಪೆಟ್ರೋನಿಲ್ಲಾರ ಕಡೆ ತಿರುಗಿದರು. "ಕೋಟೆಯಲ್ಲಿ ಯಾರ ಫೋಟೋ ತೆಗೆದಿರಿ?"

"ಬೊಂಡ, ಎಳನೀರು ಮಾರುವ ಒಬ್ಬ ಹುಡುಗನದ್ದು. ಅವನ ಮೇಲೆ ಸಂಶಯ ಬೇಡ ಸರ್! ಮೆಟ್ಟಿಲಲ್ಲಿ ನನ್ನ ಕಾಲು ಜಾರಿತು. ಬುಟ್ಟಿ ಬಿಸಾಡಿ ಓಡಿ ಬಂದು ಹಿಡಿದದ್ದು ಅವನೇ. 'ಬಾಯಮ್ಮಾ, ಮೆಲ್ಲ ಮೆಲ್ಲ' ಅಂದ. ಮುಂಬಯಿಗೆ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಕರೆದದ್ದಿಲ್ಲ. ಆ ಖುಷಿಗೆ ಒಂದು ಫೋಟೋ ತೆಗೆದೆ."

ಹೊನ್ನಯ್ಯನವರ ಲೇಖನಿ ನಿಂತಿತು. ಅವರೂ ಉಪ್ಪಳದ ಬದಿಯ ಮಂಗಲ್ಪಾಡಿಯವರು. ಕೊಂಕಣಿ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎನ್ನುವುದು ಚಂದ್ರಗಿರಿ ಹೊಳೆಯಿಂದ ಬಡಗಿನ ತುಳುವರ ರೂಢಿ. ಹೊಳೆ ದಾಟಿ ತೆಂಕಿಗೆ ಬಂದರೆ ಎಲ್ಲವೂ ಮಲಯಾಳ. ಬೇಕಲದ ಬೊಂಡದವನ ಬಾಯಿಗೆ ಆ ಮಾತು ಬರುವುದೆಂತು?

"ಫೋಟೋ ತೆಗೆದ ಮೇಲೆ ಅವನಿಗೆ ಎಂತ ಹೇಳಿದಿರಿ?" ಇನ್ಸ್‌ಪೆಕ್ಟರ ಸ್ವರ ಮೆದುವಾಗಿತ್ತು.

"ಪ್ರಿಂಟ್ ಹಾಕಿಸಿ ಉಪ್ಪಳಕ್ಕೆ ಕಳಿಸ್ತೇನೆ, ಅಕ್ಕ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ತೋರಿಸ್ತಾಳೆ ಅಂತ ಹೇಳಿದೆ."

"ಅದಕ್ಕೆ ಅವನು?"

"ಬುಟ್ಟಿ ಎತ್ತಿಕೊಂಡು ಹೊರಟೇ ಬಿಟ್ಟ. ಬೊಂಡದ ಹಣ ಸಹ ಕೇಳಲಿಲ್ಲ."

ಇಪ್ಪತ್ತು ವರ್ಷ ಖಾಕಿ ತೊಟ್ಟಿದ್ದ ಹೊನ್ನಯ್ಯನವರು ಗದರಿಸಿ ಬಾಯಿಬಿಡಿಸಿದ ಅಧಿಕಾರಿಗಳನ್ನು ಬೇಕಾದಷ್ಟು ಕಂಡಿದ್ದರು. ಕೇಳಿಸಿಕೊಂಡೇ ಕಳ್ಳನನ್ನು ಹಿಡಿಯಬಲ್ಲವರನ್ನು ಕಂಡದ್ದು ಇವರೊಬ್ಬರನ್ನೇ.

ಬೊಂಡದ ಹುಡುಗನ ಬಗ್ಗೆ ವಿಚಾರಿಸಿದಾಗ, ಕೋಟೆಯ ಬಾಗಿಲಿನಲ್ಲಿ ನೆಲಗಡಲೆ ಮಾರುವವನು, "ಓ, ವಡಕ್ಕನ್!" ಎಂದು ನಕ್ಕ. ಬಡಗಿನಿಂದ ಬಂದವನೆಂಬ ಅರ್ಥದಲ್ಲಿ ಅಲ್ಲಿಯವರು ಇಟ್ಟ ಹೆಸರು. ಅವನ ವಾಸ ಕಡಲ ಬದಿಯ ಸೋಗೆಯ ಗುಡಿಸಲಿನಲ್ಲಿ.

ಮೂರು ಗಂಟೆಗೆ ಪೊಲೀಸರು ಅಲ್ಲಿಗೆ ತಲುಪಿದಾಗ ಇಪ್ಪತ್ತೇಳರ ಯುವಕನೊಬ್ಬ ಅಲೆಗಳಿಗೆ ಮುಖಮಾಡಿ ಕುಳಿತಿದ್ದ. ಪಕ್ಕದಲ್ಲಿ ಬುಟ್ಟಿ. ಖಾಕಿಯನ್ನು ಕಂಡರೂ ಏಳಲಿಲ್ಲ.

"ಹೆಸರು?"

"ಚೆನ್ನಯ್ಯ."

"ಊರು?"

ಯುವಕ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಹೊನ್ನಯ್ಯನವರು ತುಳುವಿನಲ್ಲೇ ಕೇಳಿದರು: "ಉಪ್ಪಳದಲ್ಲಿ ಯಾರ ಮಗ ಮಾರಾಯಾ ನೀನು?"

ಆ ಭಾಷೆ ಕಿವಿಗೆ ಬಿದ್ದದ್ದೇ ಅವನ ಮುಖದ ಬಿಗುವು ಕಳಚಿಬಿತ್ತು. "ಬೀಡಿ ಕಟ್ಟುವ ಅಮ್ಮುವಿನ ಮಗ. ಅಮ್ಮನ ಲೆಕ್ಕದಲ್ಲಿ ನಾನು ಶಾರ್ಜಾದಲ್ಲಿದ್ದೇನೆ ಅಣ್ಣಾ. ಮುಂಬಯಿಯಲ್ಲಿ ವೀಸಾದ ಏಜೆಂಟ್ ಕೈಕೊಟ್ಟ. ಊರಿಡೀ ಸೇರಿ ರೈಲು ಹತ್ತಿಸಿದ್ದರು. ಯಾವ ಮುಖ ಹೊತ್ತು ಅಲ್ಲಿ ಇಳಿಯುವುದು?"

ಬುಟ್ಟಿಯ ತಳದಲ್ಲಿ ಒಣ ಬೈರಾಸು ಬಟ್ಟೆಯಲ್ಲಿ ಸುತ್ತಿದ್ದ ಕ್ಯಾಮರಾ ಸಿಕ್ಕಿತು. ಫಿಲ್ಮು ಒಳಗೇ ಇತ್ತು.

"ಎರಡು ಗಂಟೆ ಹೊತ್ತು ಕಡಲಿನ ಎದುರೇ ಕೂತಿದ್ದೀ," ಎಂದರು ಇನ್ಸ್‌ಪೆಕ್ಟರು. "ಯಾಕೆ ಬಿಸಾಡಲಿಲ್ಲ?"

"ಅವರ ಅಕ್ಕನ ಫೋಟೋ ಮೊದಲ ಸಲ ಸಿಕ್ಕಿದ್ದು ಅಂತ ಬಾಯಮ್ಮ ಹೇಳಿದ್ದರು. ನನ್ನದನ್ನು ಮಾತ್ರ ತೆಗೆಯಲಿಕ್ಕೆ ನನಗೆ ಗೊತ್ತಿಲ್ಲ."

ಇಬ್ಬರು ಬೆಸ್ತರ ಸಮ್ಮುಖದಲ್ಲಿ ಪಂಚನಾಮೆ ಬರೆದು ಕ್ಯಾಮರಾವನ್ನು ವಶಪಡಿಸಿಕೊಳ್ಳಲಾಯಿತು. ಬಂಧನದ ಪತ್ರ ತುಂಬುವಾಗ ಇನ್ಸ್‌ಪೆಕ್ಟರು ಕೇಳಿದರು: "ನಿನ್ನ ಬಂಧನವನ್ನು ನಿನ್ನವರೊಬ್ಬರಿಗೆ ತಿಳಿಸಬೇಕು. ಅದು ಕಾನೂನು. ನೆಂಟರಾದರೂ ಆದೀತು, ಸ್ನೇಹಿತರಾದರೂ ಆದೀತು. ಯಾರ ಹೆಸರು ಬರೆಯಲಿ?"

ನೆಲಗಡಲೆಯವನ ಹೆಸರನ್ನು ಹೇಳಿದ್ದರೂ ಸಾಕಿತ್ತು. ಚೆನ್ನಯ್ಯ ಕೈಯ ಮರಳು ಕೊಡವಿಕೊಂಡ. "ಅಮ್ಮನದ್ದೇ ಬರೆಯಿರಿ. ಸಾಕಾಯಿತು."

ಇನ್ಸ್‌ಪೆಕ್ಟರು ಆರೋಪಿಯೊಂದಿಗೆ ನೇರವಾಗಿ ಹತ್ತಿರದ ಹೊಸದುರ್ಗದ ನ್ಯಾಯಾಲಯಕ್ಕೆ ಧಾವಿಸಿದರು; ದಂಪತಿಗಳ ಕಾರು ಹಿಂಬಾಲಿಸಿತು. ಬಾಗಿಲು ಮುಚ್ಚುವ ಮೊದಲೇ ಕ್ಯಾಮರಾ ಮರಳಿಸುವ ಆದೇಶ ಪಡೆದು, ಮುಚ್ಚಳಿಕೆ ಬರೆಸಿಕೊಂಡು, ಕ್ಯಾಮರಾವನ್ನು ಪೆಟ್ರೋನಿಲ್ಲಾರ ಕೈಗಿತ್ತರು. ಆಕೆ ಅದನ್ನು ಎದೆಗವಚಿಕೊಂಡು, "ಅವನ ಫೋಟೋ ನಾನು ಯಾರಿಗೂ ತೋರಿಸುವುದಿಲ್ಲ ಸರ್," ಎಂದರು.

ಹಡಗಿಗೆ ಮರಳುವ ದಂಪತಿಗಳ ದಾರಿಯಲ್ಲೇ ಉಪ್ಪಳ ಇತ್ತು. ಖಾಕಿ ಕಳಚಿ ಮಫ್ತಿ ತೊಟ್ಟ ಹೊನ್ನಯ್ಯನವರು ಅದೇ ಕಾರಿನಲ್ಲಿ ಹೋಗಿ, ಪೇಟೆಯಲ್ಲಿ ಇಳಿದು, ಅಮ್ಮುವಿನ ಮನೆಯನ್ನು ಹುಡುಕಿಕೊಂಡು ನಡೆದರು.

ಆಕೆ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಹೊನ್ನಯ್ಯನವರು ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದರು. ಶಾರ್ಜಾ ಸುಳ್ಳೆಂಬುದನ್ನು, ಕಳವನ್ನು, ಬಂಧನವನ್ನು. ಆಕೆ ಅಳುವಳೆಂದು, ಇಲ್ಲವೇ ಶಪಿಸುವಳೆಂದು ಕಾದರು.

ಪ್ರಕರಣದ ಕಡತದಲ್ಲಿ ಕಾರಣವೆಂದು ಬರೆದದ್ದು ಮಾನಭಯ. ಆದರೆ ಮಾನಕ್ಕೆ ಅಂಜಿದವನು ಮುಂಬಯಿಯಲ್ಲೇ ಮರೆಯಾಗಬಹುದಿತ್ತು. ಇವನು ತಾಯಿಗೆ ಎಷ್ಟು ಹತ್ತಿರ ಬರಬಹುದೋ ಅಷ್ಟು ಹತ್ತಿರ ಬಂದು, ಒಂದು ಹೊಳೆಯ ಆಚೆ ನಿಂತುಬಿಟ್ಟಿದ್ದ.

ಅಮ್ಮು ಮೊರವನ್ನು ಕೆಳಗಿಟ್ಟು, ಮಡಿಲಿನ ಹೊಗೆಸೊಪ್ಪಿನ ಹುಡಿಯನ್ನು ಕೊಡವಿ ಎದ್ದು ನಿಂತಳು.

"ಬೇಕಲವಾ?" ಎಂದಳು. "ಹಾಗಾದರೆ ಬಸ್ಸಿನಲ್ಲೇ ಹೋಗಬಹುದಲ್ಲ!"