ಒದ್ದೆ ಗೋಧಿಯ ಗುಟ್ಟು

ಹಡಗಿನ ಎರಡನೇ ಉಗ್ರಾಣದ ಮೂಲೆಯಲ್ಲಿ ನಲವತ್ತು ಚೀಲ ಗೋಧಿ ತೊಯ್ದು ತೊಪ್ಪೆಯಾಗಿತ್ತು. ಬೆಳಗ್ಗೆ ಉಳಿದ ಸರಕು ಇಳಿಸಲು ಬಂದ ಮೇಸ್ತ್ರಿಯೇ ಮೊದಲು ನೋಡಿ ಬೊಬ್ಬೆ ಹಾಕಿದ್ದ. ಸರಕಿನ ಹಾನಿ ಪತ್ತೆಮಾಡುವ ಸರ್ವೇಯರಮ್ಮ ಬರುವಷ್ಟರಲ್ಲಿ ತೀರ್ಪೂ ಆಗಿಹೋಗಿತ್ತು. ಉಗ್ರಾಣದ ಮುಚ್ಚಳ ಬಿಗಿಯುವ ಮುದುಕ, ಎಲ್ಲರ ಬಾಯಲ್ಲಿ ಮುಚ್ಚಳದಜ್ಜ, ಗಂಟುಮೂಟೆ ಕಟ್ಟಿಕೊಂಡು ನಿಂತಿದ್ದ.

"ಬಿರುಗಾಳೀಲಿ ಮುಚ್ಚಳ ಸೋರಿದೆ. ಇವತ್ತೇ ಹಡಗಿಂದ ಇಳೀಲಿ," ಎಂದ ಕ್ಯಾಪ್ಟನ್.

"ಮೂವತ್ತು ವರ್ಷದಲ್ಲಿ ಒಂದು ಹನಿ ಒಳಗೆ ಬಿಟ್ಟಿಲ್ಲಮ್ಮ." ಅಜ್ಜ ಸರ್ವೇಯರಮ್ಮನ ಕಡೆ ತಿರುಗಿದ. ಕೆಲಸ ಹೋಗುವುದಕ್ಕಿಂತ ಮಾನ ಹೋಗುವುದೇ ಅವನಿಗೆ ಸಂಕಟ.

"ನೆಂದು ನೆಂದು ಚೀಲ ಎಲ್ಲಾ ಹರಿದಿವೆ," ಮೇಸ್ತ್ರಿ ಬಾಯಿ ಹಾಕಿದ.

ಕೇಳುವ ಮೊದಲೇ ಉತ್ತರ ಕೊಡುವವರ ಮೇಲೆ ಸರ್ವೇಯರಮ್ಮನಿಗೆ ಯಾವಾಗಲೂ ಒಂದು ಕಣ್ಣು.

*

ಅವಳು ಉಗ್ರಾಣಕ್ಕೆ ಏಣಿ ಇಳಿದಳು, ಉಳಿದವರೂ ಹಿಂದೆಯೇ ಇಳಿದರು. ಒದ್ದೆ ಚೀಲದ ಮೇಲೆ ಸೀಸೆಯಿಂದ ಎರಡು ಹನಿ ಔಷಧಿ ಬಿಟ್ಟಳು. ಉಪ್ಪುನೀರಾಗಿದ್ದರೆ ಹಾಲಿನಂತೆ ಬೆಳ್ಳಗಾಗಬೇಕು. ಆಗಲಿಲ್ಲ.

"ಇದು ಸಮುದ್ರದ ನೀರಲ್ಲ."

"ಹಾಗಾದ್ರೆ ಮಳೆ. ವಾರದ ಹಿಂದೆ ದಾರೀಲಿ ಹೊಡೀತಲ್ಲ?" ಕ್ಯಾಪ್ಟನ್ ಬಿಡಲಿಲ್ಲ. ಅರಳಿದ್ದ ಅಜ್ಜನ ಮುಖ ಮತ್ತೆ ಬಾಡಿತು.

ಅವಳು ಒಂದು ಹಿಡಿ ಗೋಧಿ ತೆಗೆದು ಮೂಸಿದಳು.

"ವಾರ ನೆಂದಿದ್ರೆ ಮೊಳಕೆ ಬರ್ತಿತ್ತು, ಇಲ್ಲಾ ಮುಗ್ಗಲು ನಾರ್ತಿತ್ತು. ಇದು ಈಗಷ್ಟೇ ಉಬ್ಬಿದೆ. ನಿನ್ನೆ ಸಂಜೆ ನೆಂದಿದ್ದು. ನಿನ್ನೆ ಮಳೆ ಎಲ್ಲಿತ್ತು?"

ಅವಳು ಒಂದು ಚೀಲವನ್ನು ಬೆಳಕಿಗೆ ಎಳೆದು ತಿರುಗಿಸಿದಳು.

"ಕಬ್ಬಿಣ ಇಳಿಸೋಕೆ ಸರಪಳಿ, ಎಣ್ಣೆಗೆ ಕೊಳವೆ. ಚೀಲ ಮಾತ್ರ ಕೈಯಲ್ಲೇ ಎತ್ತಬೇಕು, ಕೊಕ್ಕೆ ಹಾಕೋ ಹಾಗಿಲ್ಲ. ನೆಂದು ಹರಿದ ಗೋಣಿ ಹಿಂಜಿಹೋಗುತ್ತೆ. ಇಲ್ಲಿ ನೋಡಿ, ಒಂದೊಂದು ಚೀಲದಲ್ಲೂ ಕೊಕ್ಕೆ ಚುಚ್ಚಿದ ಗುಂಡನೆ ತೂತು, ಅಲ್ಲಿಂದ ಉದ್ದಕ್ಕೆ ಸೀಳು. ಹರಿದ ಮೇಲೆ ನೀರು ಬಿದ್ದಿದೆ. ನಿನ್ನೆ ಇಲ್ಲಿ ಇದ್ದದ್ದು ಯಾರ ಆಳುಗಳು, ಮೇಸ್ತ್ರಿ?"

ಮೇಸ್ತ್ರಿ ಚೀಲದ ಮೇಲೆಯೇ ಕುಸಿದು ಕುಳಿತ.

"ಇವತ್ತು ಮಧ್ಯಾಹ್ನದೊಳಗೆ ಖಾಲಿ ಮಾಡ್ಬೇಕಿತ್ತು. ನಿನ್ನೆ ಆಳು ಸಾಲಲಿಲ್ಲ, ಕೊಕ್ಕೆ ಹಾಕಿಸ್ದೆ. ಹರಿದ್ವು. ನೆಂದು ಹರಿದ ಹಾಗೆ ಕಾಣ್ಲಿ ಅಂತ ಬಂದರುಕಟ್ಟೆಯ ನಲ್ಲಿಯಿಂದ ಪೈಪ್ ಎಳೆದು ನೀರು ಬಿಟ್ಟೆ. ಅಜ್ಜನ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ."

"ಹೊಳೆದ ಮೇಲೂ ಸುಮ್ನೇ ಇದ್ರಲ್ಲ?" ಎಂದಳು ಸರ್ವೇಯರಮ್ಮ.

*

ಕ್ಯಾಪ್ಟನ್ ಟೋಪಿ ತೆಗೆದ. "ಅಜ್ಜ, ತಪ್ಪಾಯ್ತು. ನೀವೆಲ್ಲೂ ಹೋಗ್ಬೇಡಿ."

ಅಜ್ಜ ಕಣ್ಣೊರೆಸಿಕೊಂಡ. ಅವನ ಎದೆಯ ಮೇಲಿನ ಬಂಡೆ ಇಳಿದಿತ್ತು.

"ಮಾತು ಆಮೇಲೆ. ಮೊಳಕೆ ಬರೋದ್ರೊಳಗೆ ಇದನ್ನ ಮೇಲೆ ಹರವ್ಬೇಕು, ಬಿಸಿಲು ಚೆನ್ನಾಗಿದೆ," ಎಂದು ಮೇಸ್ತ್ರಿಯ ಕಡೆ ತಿರುಗಿದ. "ಏಳಪ್ಪ. ನಲವತ್ತು ಚೀಲ ಒಬ್ಬನೇ ಹೊರೋಕಾಗುತ್ತಾ? ಒಂದು ಕಡೆ ನಾನು ಹಿಡೀತೀನಿ."

ಮೇಸ್ತ್ರಿ ತಲೆ ಎತ್ತದೆ ಇನ್ನೊಂದು ತುದಿ ಹಿಡಿದ.