ಸೀತ್ಲಿಬಾಯಿಯ ಹೆಸರಿನ ಕಾರ್ಡು

“ಲಂಬಾಣಿ ತಾಂಡಾದ ಹೆಂಗಸರ ಆರೋಗ್ಯದ ಬಗ್ಗೆ ಪುಸ್ತಕ ಇದ್ಯೇನ್ರೀ?”

ಶಿಕಾರಿಪುರದ ಗ್ರಂಥಾಲಯದಲ್ಲಿ ನರ್ಸ್ ಗಂಗಾಶ್ರೀ ಹೀಗೆ ಕೇಳಿದಾಗ, ಗ್ರಂಥಪಾಲಕ ವೀರೇಶ ಗಾಜಿನ ಕಪಾಟಿನಿಂದ ಎರಡು ಇಂಗ್ಲಿಷ್ ವರದಿಗಳನ್ನು ತಂದಿಟ್ಟ.

“ಇದ್ರಾಗೆ ಅವ್ರ ಅಂಕಿಸಂಖ್ಯೆ ಐತಿ. ಅವ್ರ ಮಾತಿಲ್ಲ.”

“ಮಾತು ನಾನು ತಂದ್ರೆ?”

“ನಾನು ಜಾಗ ಖಾಲಿ ಮಾಡ್ತೀನಿ.”

ತಮಾಷೆಯೆಂದು ಅವಳು ನಕ್ಕಳು. ಮರುವಾರ ಬಂದಾಗ ಕಪಾಟಿನ ಒಂದು ಸಾಲು ನಿಜವಾಗಿಯೂ ಖಾಲಿಯಾಗಿತ್ತು. ಮೇಲೆ ‘ತಾಂಡಾ ಆರೋಗ್ಯ’ ಎಂದು ದುಂಡಗೆ ಬರೆದ ಚೀಟಿ.

ಅದು 1994ರ ಮಳೆಗಾಲ. ಅಲ್ಲಿಂದಾಚೆಗೆ ಪ್ರತಿ ಶನಿವಾರ ಡ್ಯೂಟಿ ಮುಗಿಸಿ ಅವಳು ಬರುತ್ತಿದ್ದಳು. ತಾಂಡಾದ ಸೂಲಗಿತ್ತಿ ಸೀತ್ಲಿಬಾಯಿ ಹೇಳಿದ್ದನ್ನೆಲ್ಲ ಒಪ್ಪಿಸುತ್ತಿದ್ದಳು: ಕಬ್ಬು ಕಡಿಯಲು ಹೋದ ಬಾಣಂತಿ ಹೇಗೆ ಸೊರಗುತ್ತಾಳೆ, ಅವಳಿಗೆ ಯಾವ ಸೊಪ್ಪು ತಿನ್ನಿಸಬೇಕು, ಬಾಣಂತಿಗೆ ನೀರು ಕೊಡಬಾರದೆಂಬ ಮಾತು ಏಕೆ ತಪ್ಪು. ವೀರೇಶ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದ. ಅವಳು ಸುಮ್ಮನಾದರೆ ಮಾತ್ರ ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಸಿಕ್ಕಿಬಿದ್ದವನಂತೆ ಮತ್ತೆ ಹಾಳೆಗೆ ಇಳಿಯುತ್ತಿದ್ದ. ಆ ಒಂದು ನೋಟಕ್ಕಾಗಿ ಅವಳು ಬೇಕೆಂದೇ ಸುಮ್ಮನಾಗುತ್ತಿದ್ದಳು.

“ಮರೆತ್ರೇನ್ರೀ?”

“ಇಲ್ಲಪ್ಪ. ನಿಮ್ಮ ಕೈ ನೋಯ್ತದೇನೋ ಅಂತ.”

ಮಾಘದಲ್ಲಿ ಸೀತ್ಲಿಬಾಯಿ ದೇವರ ಪಾದ ಸೇರಿದಳು. ಅದೇ ವಾರ ಸೊರಬದಿಂದ ಗಂಗಾಶ್ರೀಗೆ ತಂದೆ ಮಹೇಶ್ವರಪ್ಪನವರ ಕಾಗದ ಬಂತು: ಚಂದ್ರಗುತ್ತಿ ಕಡೆಯ ವರ ಒಪ್ಪಿದ್ದಾನೆ, ಭಾನುವಾರ ಬಂದು ನಿನ್ನ ಮಾತು ಹೇಳು.

ಶನಿವಾರ ಗಂಗಾಶ್ರೀ ಆ ಕಾಗದವನ್ನು ವೀರೇಶನ ಮುಂದಿಟ್ಟಳು. ಅವನು ಎರಡು ಸಲ ಓದಿದ. “ಒಳ್ಳೇ ಮನೆತನ” ಎಂದು ಮಡಚಿ ಕೊಟ್ಟ. ಆಮೇಲೆ ಆ ಶನಿವಾರಗಳ ಹಾಳೆಗಳನ್ನು ಹೊಲಿದು ರಟ್ಟು ಹಾಕಿದ ಒಂದು ಪುಸ್ತಕವನ್ನೂ ಅದರ ಕ್ಯಾಟಲಾಗ್ ಕಾರ್ಡನ್ನೂ ಹೊರತೆಗೆದ.

“ಮುದುಕಿ ಇದ್ದಾಗ್ಲೇ ತೋರಿಸ್ಬೇಕಿತ್ತು. ತಡ ಆತು.”

ಲೇಖಕಿ: ಸೀತ್ಲಿಬಾಯಿ. ಸಂಗ್ರಹ: ಗಂಗಾಶ್ರೀ.

ಬದುಕಿಡೀ ಹೆಬ್ಬೆಟ್ಟು ಒತ್ತಿದವಳು ಲೇಖಕಿಯಾಗಿದ್ದಳು. ಮಣ್ಣಾದವಳಿಗೆ ಇಷ್ಟಾದರೂ ಸಂದಿತಲ್ಲ ಎಂದು ಗಂಗಾಶ್ರೀ ಮನಸ್ಸಿನಲ್ಲೇ ಶಿವನಿಗೆ ಕೈಮುಗಿದಳು. ಒಬ್ಬರ ಮಾತನ್ನು ಅವರ ಹೆಸರಿಗೇ ಒಪ್ಪಿಸುವುದು ಸಣ್ಣ ಪೂಜೆಯಲ್ಲ.

“ನಿಮ್ಮ ಹೆಸರೆಲ್ಲಿ?”

“ನಾನೇನ್ ಮಾಡೀನಿ? ಬರ್ಕೊಂಡೆ, ಅಷ್ಟೆ.”

ಎಲ್ಲರ ಹೆಸರು ಬರೆದು ತನ್ನದನ್ನು ಬಿಡುವ ಈ ಮನುಷ್ಯ ತನಗಾಗಿ ಏನನ್ನೂ ಕೇಳುವವನಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅವನ ಪೆನ್ನನ್ನೇ ತೆಗೆದುಕೊಂಡು, ತನ್ನ ಹೆಸರಿನ ಪಕ್ಕದಲ್ಲಿ ‘ವೀರೇಶ’ ಎಂದು ಬರೆದಳು.

“ನಾಳೆ ಅಪ್ಪಂಗೂ ಇದೇ ಹೇಳೋಣ ಅಂತಿದ್ದೀನಿ. ಬೇಡ ಅನ್ನೋದಾದ್ರೆ ಈಗ್ಲೇ ಹೊಡೆದುಹಾಕಿ.”

ವೀರೇಶ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದ. “ನಮ್ದು ಕುರಿ ಕಾಯೋ ಮನೆ ರೀ. ನಿಮ್ಮಪ್ಪಾರು ಅಂಗಡಿ ಸಾಹುಕಾರ್ರು.”

“ಅದು ಅಪ್ಪ ಹೇಳ್ಬೇಕಾದ ಮಾತು. ನಿಮ್ದು ಹೇಳಿ.”

“ಸೊರಬಕ್ಕೆ ಮೊದಲ್ನೇ ಬಸ್ ಎಷ್ಟೊತ್ತಿಗೆ?”

“ಆರೂವರೆಗೆ. ಯಾಕ್ರೀ?”

“ಹೆಣ್ಣು ಕೇಳಾಕ್ ಹೋಗೋನು ಎರಡನೇ ಬಸ್ಸಿಗೆ ಹೋದ್ರೆ ಚೆಂದ ಕಾಣಂಗಿಲ್ಲ.”